ಸ್ಮಿತ್ ಅನ್ನೋ ಅಡ್ಡಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಕೆಟ್ ಸ್ಕೋರ್‌ಬೋರ್ಡು, ಅರ್ಥಶಾಸ್ತ್ರದ ಪಠ್ಯ, ಹಾಲಿವುಡ್ ಪೋಸ್ಟರು, ಆಫೀಸಿನ ಇಮೇಲು. ಎಲ್ಲಿ ನೋಡಿದರೂ ಸ್ಮಿತ್ ಅನ್ನೋ ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ಒಬ್ಬರು ಇದ್ದೇ ಇರುತ್ತಾರೆ. ಇಷ್ಟೊಂದು ಜನ ಎಲ್ಲಿಂದ ಬಂದರು, ಇವರೆಲ್ಲ ಒಬ್ಬರಿಗೊಬ್ಬರು ಏನಾಗಬೇಕು ಅಂತ ಕೇಳುವವರು ಬಹಳ. ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಒಂದೆರಡು ಸಾಲು ಸಾಕು. ಕೆಲವಕ್ಕೆ ಸ್ವಲ್ಪ ಕತೆ ಹೇಳಬೇಕಾಗುತ್ತದೆ.

ಸ್ಮಿತ್ ಅಂದರೆ ಏನರ್ಥ?

ಕಮ್ಮಾರ. ಹಳೆಯ ಇಂಗ್ಲಿಷಿನಲ್ಲಿ ಲೋಹ ಕಾಯಿಸಿ, ಬಡಿದು ಸಾಮಾನು ಮಾಡುವ ಯಾರಿಗಾದರೂ ಈ ಮಾತು ಸಲ್ಲುತ್ತಿತ್ತು. ಬರೀ ಸ್ಮಿತ್ ಅಂದರೆ ಸಾಮಾನ್ಯವಾಗಿ ಕಬ್ಬಿಣದವನು. ಚಿನ್ನದವನಿಗೆ, ಬೆಳ್ಳಿಯವನಿಗೆ ಮೊದಲಿಗೆ ಇನ್ನೊಂದು ಪದ ಸೇರಿಸಿ ಕರೆಯುತ್ತಿದ್ದರು. ಜರ್ಮನ್ನರ ಶ್ಮಿಟ್, ಡಚ್ಚರ ಸ್ಮಿಟ್, ಡೇನಿಶ್ ಜನರ ಸ್ಮೆಡ್, ಎಲ್ಲ ಒಂದೇ ಬೇರಿನವು. 'ಹೊಡೆ' ಎಂಬ ಅರ್ಥದ ಇಂಗ್ಲಿಷ್ ಪದ 'ಸ್ಮೈಟ್'ನಿಂದ ಸ್ಮಿತ್ ಬಂತು ಅಂತ ಕೆಲವು ಕಡೆ ಬರೆದಿರುತ್ತಾರೆ. ಸುತ್ತಿಗೆ ಹಿಡಿದವನು ಹೊಡೆಯುತ್ತಾನಲ್ಲ, ಹಾಗಾಗಿ ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಭಾಷೆಯ ಚರಿತ್ರೆ ಬಲ್ಲವರು ಅದನ್ನು ಒಪ್ಪುವುದಿಲ್ಲ.

ನಮ್ಮ ಸ್ಮಿತಾ, ಗುಜರಾತಿನ ಸ್ಮಿತ್, ಇವಕ್ಕೂ ಇದಕ್ಕೂ ನಂಟಿದೆಯಾ?

ಇಲ್ಲ. ಸ್ಮಿತಾ ಬಂದದ್ದು ನಗು ಎಂಬ ಅರ್ಥದ ಸಂಸ್ಕೃತ ಪದದಿಂದ. ಇಂಗ್ಲಿಷಿನ 'ಸ್ಮೈಲ್' ಆ ಪದಕ್ಕೆ ದೂರದ ನೆಂಟ. ಕಮ್ಮಾರ ಸ್ಮಿತ್ ಬೇರೆಯೇ ಸಂಸಾರ.

ಈ ಹೆಸರು ಎಷ್ಟು ಹಳೆಯದು?

ಸಾವಿರ ವರ್ಷ ದಾಟಿದೆ. ಕ್ರಿ.ಶ. 975ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಉತ್ತರದ ಡರಂ ಕಡೆಯ ದಾಖಲೆಯೊಂದರಲ್ಲಿ ಎಕ್ಕೆಯರ್ಡ್ ಸ್ಮಿತ್ ಎಂಬ ಹೆಸರು ಸಿಗುತ್ತದೆ. ಹೆಸರಿನ ಪುಸ್ತಕಗಳೆಲ್ಲ ಮೊದಲ ಸ್ಮಿತ್ ಅಂತ ತೋರಿಸುವುದು ಈತನನ್ನೇ. ಆದರೆ ಒಂದು ಮಾತು ಗಮನಿಸಿ. ಆತ ನಿಜಕ್ಕೂ ಕಮ್ಮಾರನೇ ಆಗಿದ್ದಿರಬೇಕು. ಎಕ್ಕೆಯರ್ಡನ ಮಗ ಕುರಿ ಕಾಯಲು ಹೋಗಿದ್ದರೆ ಅವನನ್ನು ಯಾರೂ ಸ್ಮಿತ್ ಅನ್ನುತ್ತಿರಲಿಲ್ಲ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ತಾನಾಗಿ ಇಳಿದು ಬರುವ ಹೆಸರು ಆಗಿನ್ನೂ ಇಂಗ್ಲೆಂಡಿನಲ್ಲಿ ಇರಲಿಲ್ಲ.

ಹಾಗಾದರೆ ಕಸುಬು ಮನೆತನದ ಹೆಸರಾದದ್ದು ಯಾವಾಗ, ಹೇಗೆ?

1066ರಲ್ಲಿ ಫ್ರಾನ್ಸಿನ ಉತ್ತರದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರಲ್ಲಿ ದೊಡ್ಡ ಜಮೀನುದಾರರು ತಮ್ಮ ಊರಿನ, ಕೋಟೆಯ ಹೆಸರನ್ನು ಹೆಸರಿನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಆಸ್ತಿ ಇದ್ದವರಿಗೆ ಅದು ಅನುಕೂಲ. 'ಈ ಜಮೀನು ನಮ್ಮ ಮನೆತನದ್ದು' ಅಂತ ಹೇಳಿಕೊಳ್ಳೋಕೆ ಹೆಸರೇ ಸಾಕ್ಷಿ. ಈ ರೂಢಿ ನಿಧಾನವಾಗಿ ಮೇಲಿನವರಿಂದ ಕೆಳಗಿನವರಿಗೆ ಇಳಿಯಿತು. ದಕ್ಷಿಣ ಇಂಗ್ಲೆಂಡಿನಲ್ಲಿ 1350ರ ಹೊತ್ತಿಗೆ ಬಹುಪಾಲು ಮನೆಗಳಿಗೆ ಅಡ್ಡಹೆಸರು ನೆಲೆ ನಿಂತಿತ್ತು. ಉತ್ತರದಲ್ಲಿ ಇನ್ನೊಂದು ನೂರು ವರ್ಷ ಹಿಡಿಯಿತು.

ಬಡವರಿಗೆ ಅಡ್ಡಹೆಸರು ಯಾಕೆ ಬೇಕಾಯಿತು? ಲೆಕ್ಕ ಬರೆಯುವವರಿಗೆ ಬೇಕಾಯಿತು ಅನ್ನೋದೇ ಸರಿ. ಆ ಕಾಲದ ಇಂಗ್ಲೆಂಡಿನಲ್ಲಿ ಗಂಡಸರ ಹೆಸರುಗಳು ಬೆರಳೆಣಿಕೆ. ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್. ಅರ್ಧಕ್ಕಿಂತ ಹೆಚ್ಚು ಗಂಡಸರು ಇವಿಷ್ಟರಲ್ಲೇ ಮುಗಿಯುತ್ತಿದ್ದರು. ಒಂದೇ ಹಳ್ಳಿಯಲ್ಲಿ ಏಳೆಂಟು ಜಾನ್‌ಗಳಿದ್ದರೆ ಯಾವ ಜಾನ್ ಕಂದಾಯ ಕಟ್ಟಿದ, ಯಾವ ಜಾನ್ ದನ ಬಿಟ್ಟು ಪಕ್ಕದ ಹೊಲ ಮೇಯಿಸಿದ ಅಂತ ಗುಮಾಸ್ತ ಬರೆದುಕೊಳ್ಳೋದು ಹೇಗೆ? ಬೆಟ್ಟದ ಪಕ್ಕದವನು ಜಾನ್ ಹಿಲ್. ರಾಬಿನ್ ಮಗ ಜಾನ್ ರಾಬಿನ್ಸನ್. ಕಂದು ಬಣ್ಣದವನು ಜಾನ್ ಬ್ರೌನ್. ಕುಲುಮೆಯವನು ಜಾನ್ ಸ್ಮಿತ್. 1377, 1379 ಮತ್ತು 1381ರಲ್ಲಿ ತಲೆಗಂದಾಯ ಹಾಕಿದಾಗಿನ ಪಟ್ಟಿಗಳಲ್ಲಿ ಹೀಗೆ ಊರೂರಿನ ಸ್ಮಿತ್‌ಗಳು ಸಾಲಾಗಿ ಸಿಗುತ್ತಾರೆ.

ಬರೆಯುವ ಭಾಷೆಯೂ ಗೋಜಲು. ಸರ್ಕಾರಿ ಕಾಗದ ಲ್ಯಾಟಿನ್ನಿನಲ್ಲಿ, ದೊಡ್ಡವರ ಮಾತು ಫ್ರೆಂಚಿನಲ್ಲಿ, ಊರ ಮಾತು ಇಂಗ್ಲಿಷಿನಲ್ಲಿ. ಹಾಗಾಗಿ ಊರಲ್ಲಿ ಸ್ಮಿತ್ ಆದವನು ದಾಖಲೆಯಲ್ಲಿ 'ಫೇಬರ್', ಫ್ರೆಂಚ್ ಬಲ್ಲವರ ಬಾಯಲ್ಲಿ 'ಲೆ ಫೆವ್ರ್'. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಎಂಬ ದೊಡ್ಡ ಜಮೀನು ಲೆಕ್ಕದಲ್ಲೂ ಕಮ್ಮಾರರು ಫೇಬರ್ ಎಂದೇ ಇದ್ದಾರೆ. ಫ್ರೆಂಚ್ ರೂಪ ಕೆಲವು ಮನೆಗಳಲ್ಲಿ ಹಾಗೇ ಉಳಿದು 'ಫೀವರ್' ಅನ್ನುವ ಅಡ್ಡಹೆಸರಾಯಿತು. ಜ್ವರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಪಾಪ.

ಬೇರೆ ಕಸುಬುಗಳೂ ಇದ್ದವಲ್ಲ. ಸ್ಮಿತ್‌ಗಳೇ ಯಾಕೆ ಇಷ್ಟು ಜಾಸ್ತಿ?

ಕುಲುಮೆ ಇಲ್ಲದೆ ಊರು ನಡೆಯುತ್ತಿರಲಿಲ್ಲ. ಕಾರಣ ಹೆಚ್ಚೂಕಡಿಮೆ ಅದೇ.

ನಡುಗಾಲದ ಒಂದು ಇಂಗ್ಲಿಷ್ ಹಳ್ಳಿಯ ಕುಲುಮೆಗೆ ಹೋಗಿ ನೋಡಿ. ಒಂದು ಮೂಲೆಯಲ್ಲಿ ಕೆಂಡ. ತಿದಿ ಒತ್ತೋಕೆ ಒಬ್ಬ ಹುಡುಗ. ನಡುವೆ ಮರದ ಬೊಡ್ಡೆಯ ಮೇಲೆ ಕೂರಿಸಿದ ಅಡಿಗಲ್ಲು. ಇಕ್ಕಳ ಎಡಗೈಲಿ, ಸುತ್ತಿಗೆ ಬಲಗೈಲಿ. ಬೆಳಿಗ್ಗೆ ಬಂದವನು ಸವೆದ ನೇಗಿಲ ಗುಳ ತಂದಿರುತ್ತಾನೆ. ಅದರ ತುದಿಗೆ ಹೊಸ ಕಬ್ಬಿಣ ಬೆಸೆದು, ಚೂಪು ಮಾಡಿ ಕೊಡಬೇಕು. ಆಮೇಲೆ ಬಂದವನದು ಕುದುರೆ, ಲಾಳ ಕಟ್ಟಬೇಕು. ಮತ್ತೊಬ್ಬನಿಗೆ ಕುಡುಗೋಲು ಹದ ಹಿಡಿಯಬೇಕು: ಕೆಂಪಗೆ ಕಾದದ್ದನ್ನು ನೀರಿಗೆ ಅದ್ದಿ ತೆಗೆದು, ಮೇಲೆ ಏಳುವ ಬಣ್ಣ ನೋಡಿಕೊಂಡು ಸರಿಯಾದ ಗಳಿಗೆಯಲ್ಲಿ ಮತ್ತೆ ಅದ್ದಬೇಕು. ಗಡಸು ಸ್ವಲ್ಪ ಹೆಚ್ಚಾದರೆ ಅಲಗು ಗಾಜಿನಂತೆ ಒಡೆಯುತ್ತದೆ, ಕಡಿಮೆಯಾದರೆ ಎರಡು ದಿನಕ್ಕೆ ಮೊಂಡು. ಗಾಡಿ ಚಕ್ರದ ಹಳಿ, ಬಾಗಿಲ ತಿರುಗಣಿ, ಮೊಳೆ, ಬೀಗ, ಅಡುಗೆಮನೆಯ ಕೊಕ್ಕೆ, ಯುದ್ಧ ಬಂದರೆ ಈಟಿಯ ಮೊನೆ. ಊರಲ್ಲಿ ಯಾರಿಗೂ ಅವನನ್ನು ಬಿಟ್ಟು ನಡೆಯದು.

ಇಂಥ ಕೆಲಸಕ್ಕೆ ಊರಿಗೆ ಒಬ್ಬ ಬೇಕೇ ಬೇಕು, ಆದರೆ ನಾಲ್ಕು ಜನ ಬೇಡ. ಹೆಸರು ಅಂಟಿಕೊಳ್ಳೋಕೆ ಈ ಲೆಕ್ಕ ಹೇಳಿ ಮಾಡಿಸಿದ ಹಾಗಿತ್ತು. ಊರಿನ ತುಂಬ ಹೊಲ ಉಳುವವರೇ ಇದ್ದರೆ 'ಉಳುವ ಜಾನ್' ಅಂದರೆ ಯಾರಿಗೂ ಗುರುತು ಸಿಗಲ್ಲ. ಅದಕ್ಕೇ ಬೇಸಾಯ ಅಷ್ಟು ದೊಡ್ಡ ಕಸುಬಾಗಿದ್ದರೂ ಅದರಿಂದ ಬಂದ ಅಡ್ಡಹೆಸರುಗಳು ಸ್ಮಿತ್‌ನ ಹತ್ತಿರಕ್ಕೂ ಬರುವುದಿಲ್ಲ. 'ಕುಲುಮೆ ಜಾನ್' ಅಂದರೆ ಒಬ್ಬನೇ. ಹೀಗೆ ಸಾವಿರಾರು ಹಳ್ಳಿಗಳಲ್ಲಿ, ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿಲ್ಲದೆ, ಸಾವಿರಾರು ಸ್ಮಿತ್ ಮನೆಗಳು ಶುರುವಾದವು.

ಇನ್ನೊಂದು ವಿವರಣೆಯೂ ಓಡಾಡುತ್ತದೆ. ಕಮ್ಮಾರರನ್ನು ಯುದ್ಧಕ್ಕೆ ಕಳಿಸುತ್ತಿರಲಿಲ್ಲ, ಬೇರೆಯವರು ಸತ್ತರು, ಇವರು ಉಳಿದು ಮಕ್ಕಳು ಮರಿ ಜಾಸ್ತಿಯಾದರು ಅಂತ. ನನಗಂತೂ ಇದು ಹರಟೆ ಕಟ್ಟೆಯ ಮಾತು ಅನ್ನಿಸುತ್ತದೆ. ಊರಿಗೊಂದು ಕುಲುಮೆ ಅನ್ನುವ ಲೆಕ್ಕವೇ ಸಾಕಾಗಿರುವಾಗ ಇದರ ಅಗತ್ಯವೂ ಇಲ್ಲ.

ಎಲ್ಲ ಸ್ಮಿತ್‌ಗಳೂ ಒಂದೇ ವಂಶದವರಾ?

ಖಂಡಿತ ಅಲ್ಲ. ಇದನ್ನು ವಂಶವಾಹಿ ಪರೀಕ್ಷೆಯಲ್ಲೂ ನೋಡಿದ್ದಾರೆ. ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಅಡ್ಡಹೆಸರೂ ಅದೇ ದಾರಿಯಲ್ಲಿ ಇಳಿಯುತ್ತದೆ. ಹಾಗಾದರೆ ಒಂದೇ ಅಡ್ಡಹೆಸರಿನ ಗಂಡಸರಿಗೆ ಒಂದೇ ಥರದ ವೈ ಕ್ರೋಮೋಸೋಮು ಇರಬೇಕಲ್ಲ? ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಅಟೆನ್‌ಬರೊದಂಥ ಅಪರೂಪದ ಹೆಸರಿನವರಲ್ಲಿ ಬಹಳ ಮಂದಿ ಒಬ್ಬನೇ ಮೂಲಪುರುಷನ ಕಡೆಗೆ ಬೆರಳು ತೋರಿಸಿದರು. ಸ್ಮಿತ್‌ಗಳಲ್ಲಿ ಅಂಥ ನಂಟೇ ಕಾಣಲಿಲ್ಲ. ರಸ್ತೆಯಲ್ಲಿ ಹೋಗುವ ಯಾವುದೋ ಇಬ್ಬರು ಇಂಗ್ಲಿಷ್ ಗಂಡಸರು ಎಷ್ಟು ಸಂಬಂಧಿಕರೋ ಇಬ್ಬರು ಸ್ಮಿತ್‌ಗಳೂ ಅಷ್ಟೇ.

ಇದರಿಂದ ಇನ್ನೊಂದೂ ತಿಳಿಯುತ್ತದೆ. 'ಸ್ಮಿತ್ ಮನೆತನದ ಲಾಂಛನ' ಅಂತ ಕಾಫಿ ಕಪ್ಪು, ಟೀ ಶರ್ಟು ಮಾರುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅದು ಸಲ್ಲುವುದು ಅವನ ಸಂತಾನಕ್ಕೆ. ಹೆಸರು ಒಂದೇ ಅಂತ ಎಲ್ಲರಿಗೂ ಸಿಗಲ್ಲ.

ನಮ್ಮಲ್ಲಿನ ಹಾಗೆ ಇದು ಜಾತಿ ಹೆಸರಾ?

ಅಲ್ಲ. ಈ ಪ್ರಶ್ನೆ ನಮ್ಮವರೇ ಕೇಳುವುದು, ಕೇಳೋದು ಸಹಜವೂ ಹೌದು. ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಬಡಿಗೇರ, ಪತ್ತಾರ, ಕುಂಬಾರ, ಗಾಣಿಗೇರ ಅಂತ ಅಡ್ಡಹೆಸರು ಕೇಳಿದ ತಕ್ಷಣ ಕಸುಬು, ಸಮುದಾಯ ಎರಡೂ ಹೊಳೆದುಬಿಡುತ್ತವೆ. ಇಂಗ್ಲೆಂಡಿನಲ್ಲೂ ಮಗ ಅಪ್ಪನ ಕಸುಬು ಕಲಿಯುವುದು ರೂಢಿಯಾಗಿತ್ತು ನಿಜ. ಆದರೆ ಸ್ಮಿತ್ ಮನೆಯವರು ಸ್ಮಿತ್ ಮನೆಯಲ್ಲೇ ಹೆಣ್ಣು ತರಬೇಕು ಅನ್ನುವ ಕಟ್ಟು ಇರಲಿಲ್ಲ. ಕಮ್ಮಾರನ ಮಗ ರೊಟ್ಟಿ ಅಂಗಡಿ ಇಟ್ಟರೂ ತಡೆಯುವವರಿಲ್ಲ. ಕಸುಬು ಬಿಟ್ಟ ಮೇಲೂ ಹೆಸರು ಮಾತ್ರ ಉಳಿಯಿತು. ಇವತ್ತು ಸ್ಮಿತ್ ಅನ್ನುವ ಹೆಸರಿನಿಂದ ಒಬ್ಬರ ಹಣ, ಅಂತಸ್ತು, ಊರು, ಧರ್ಮ ಯಾವುದನ್ನೂ ಊಹಿಸಲು ಆಗದು. ದೊಡ್ಡ ಹೆಸರು, ಆದರೆ ಅದು ಬಿಟ್ಟುಕೊಡುವ ಸುಳಿವು ಬಹಳ ಕಮ್ಮಿ.

ಸ್ಮಿತ್, ಸ್ಮೈತ್, ಕಾಗುಣಿತದಲ್ಲಿ 'ವೈ' ಇದ್ದರೆ ದೊಡ್ಡ ಮನೆತನ ಅಂತಾರೆ. ಹೌದಾ?

ನಡುಗಾಲದಲ್ಲಿ ಬರೆಯುವವರು 'ಐ' ಮತ್ತು 'ವೈ' ಅಕ್ಷರಗಳನ್ನು ಮನಸ್ಸಿಗೆ ಬಂದಂತೆ ಬಳಸುತ್ತಿದ್ದರು. ಒಂದೇ ಮನೆಯ ಅಪ್ಪ ಒಂದು ಥರ, ಮಗ ಇನ್ನೊಂದು ಥರ. ಆಮೇಲಿನ ಕಾಲದಲ್ಲಿ ಸಾವಿರಾರು ಸ್ಮಿತ್‌ಗಳ ನಡುವೆ ಬೇರೆಯಾಗಿ ಕಾಣಬೇಕು ಅನ್ನುವವರಿಗೆ 'ವೈ' ಇಷ್ಟವಾಯಿತು, ಕೊನೆಗೆ ಒಂದು 'ಇ' ಕೂಡ ಸೇರಿಸಿದರು. ಉಚ್ಚಾರ ಕೆಲವರದು ಸ್ಮಿತ್, ಕೆಲವರದು ಸ್ಮೈತ್. ಅವರನ್ನೇ ಕೇಳುವುದು ಒಳ್ಳೆಯದು. ಶ್ರೀಮಂತಿಕೆಯ ಗುರುತು ಅಂತೂ ಅಲ್ಲ.

ಸ್ಮಿತ್‌ಸನ್ ಅಂದರೆ? ವಾಷಿಂಗ್ಟನ್ನಿನ ಮ್ಯೂಸಿಯಂಗೂ ಇದಕ್ಕೂ ಏನು?

ಸ್ಮಿತ್‌ಸನ್ ಅಂದರೆ ಕಮ್ಮಾರನ ಮಗ. ಮ್ಯೂಸಿಯಂನ ಕತೆ ಮಾತ್ರ ಕೇಳಲೇಬೇಕಾದದ್ದು. ಹ್ಯೂ ಸ್ಮಿತ್‌ಸನ್ ಅಂತ ಒಬ್ಬ ಸಾಹುಕಾರ ಇಂಗ್ಲೆಂಡಿನ ಬಹಳ ಹಳೆಯ ಪರ್ಸಿ ಮನೆತನದ ಹೆಣ್ಣನ್ನು ಮದುವೆಯಾದ. ಆಸ್ತಿಯ ಜೊತೆ ಹೆಸರೂ ಬರಲಿ ಅಂತ 1750ರಲ್ಲಿ ಸ್ಮಿತ್‌ಸನ್ ಬಿಟ್ಟು ಪರ್ಸಿ ಆದ, ಮುಂದೆ ನಾರ್ಥಂಬರ್ಲೆಂಡಿನ ಡ್ಯೂಕ್ ಆದ. ಆತನಿಗೆ ಮದುವೆಯ ಹೊರಗೆ ಹುಟ್ಟಿದ ಒಬ್ಬ ಮಗ, ಜೇಮ್ಸ್. ತಾಯಿಯ ಕಡೆಯಿಂದ ಮೇಸಿ ಅನ್ನುವ ಹೆಸರಿನಲ್ಲಿ ಬೆಳೆದ, ರಸಾಯನಶಾಸ್ತ್ರ ಓದಿ ವಿಜ್ಞಾನಿಯಾದ. ತಾಯಿ ತೀರಿಕೊಂಡ ಮೇಲೆ ಅಪ್ಪ ಬಿಟ್ಟುಹೋದ ಆ ಹಳೆಯ ಹೆಸರನ್ನೇ ಎತ್ತಿಕೊಂಡು ಜೇಮ್ಸ್ ಸ್ಮಿತ್‌ಸನ್ ಆದ. 1829ರಲ್ಲಿ ಸತ್ತ. ಅವನ ಉಯಿಲಿನಂತೆ ಆಸ್ತಿಯೆಲ್ಲ ಕೊನೆಗೆ ಅಮೆರಿಕಕ್ಕೆ ಸೇರಿತು, ತನ್ನ ಹೆಸರಿನಲ್ಲಿ ಜ್ಞಾನ ಹರಡುವ ಒಂದು ಸಂಸ್ಥೆ ಕಟ್ಟಲಿ ಅಂತ. ಬದುಕಿದ್ದಾಗ ಒಮ್ಮೆಯೂ ಆತ ಅಮೆರಿಕಕ್ಕೆ ಕಾಲಿಟ್ಟಿರಲಿಲ್ಲ! 1846ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಹುಟ್ಟಿತು. ಡ್ಯೂಕ್ ಬಿಟ್ಟ ಹೆಸರು ಇವತ್ತು ಅವನ ಪರ್ಸಿಗಿಂತ ಜಾಸ್ತಿ ಜನರಿಗೆ ಗೊತ್ತು.

ಗೋಲ್ಡ್‌ಸ್ಮಿತ್, ಆರೋಸ್ಮಿತ್ ಇತ್ಯಾದಿ?

ಒಂದೊಂದೂ ಒಂದೊಂದು ಕೈಕೆಲಸ. ಗೋಲ್ಡ್‌ಸ್ಮಿತ್ ಅಕ್ಕಸಾಲಿಗ. ಆರೋಸ್ಮಿತ್ ಬಾಣದ ಕಬ್ಬಿಣದ ಮೊನೆ ಮಾಡುವವನು. ಅದೇ ಬಾಣವನ್ನು ಜೋಡಿಸಿ ಮಾರುವವನು ಫ್ಲೆಚರ್. ಶೂಸ್ಮಿತ್ ಲಾಳ ಕಟ್ಟುವವನು. ಸಿಕ್ಸ್‌ಸ್ಮಿತ್ ನೋಡಿ ಆರು ಅಂದುಕೊಳ್ಳಬೇಡಿ, ಅದು ಕುಡುಗೋಲು ಮಾಡುವವನ ಹೆಸರು ಸವೆದು ಹಾಗಾದದ್ದು. ನ್ಯಾಸ್ಮಿತ್ ಚಾಕುವಿನವನೋ ಮೊಳೆಯವನೋ ಅಂತ ವಾದ ಇದೆ. ಹಬೆಯಿಂದ ನಡೆಯುವ ದೈತ್ಯ ಸುತ್ತಿಗೆಗೆ 1842ರಲ್ಲಿ ಪೇಟೆಂಟ್ ಪಡೆದ ಎಂಜಿನಿಯರ್ ಜೇಮ್ಸ್ ನ್ಯಾಸ್ಮಿತ್. ಹೆಸರಿಗೆ ತಕ್ಕ ಕೆಲಸ ಅಂದರೆ ಇದೇ ಅಲ್ವಾ?

ಲಂಡನ್ನಿನ ಹ್ಯಾಮರ್‌ಸ್ಮಿತ್ ಮಾತ್ರ ಊರಿನ ಹೆಸರು. ಸುತ್ತಿಗೆಯ ಕುಲುಮೆ ಇದ್ದ ಜಾಗ ಅಂತ ಅರ್ಥ.

ಬೇರೆ ದೇಶಗಳಲ್ಲಿ ಕಮ್ಮಾರನ ಹೆಸರು ಇಷ್ಟೇ ಜಾಸ್ತಿಯಾ?

ಯುರೋಪಿನ ತುಂಬ. ಪೋಲೆಂಡಿನಲ್ಲಿ ನೊವಾಕ್ ಮೊದಲು, ಎರಡನೆಯದು ಕಮ್ಮಾರನ ಹೆಸರಾದ ಕೊವಾಲ್ಸ್ಕಿ. ಹಂಗೇರಿಯಲ್ಲಿ ನಾಗಿ ಮೊದಲು, ಆಮೇಲೆ ಕಮ್ಮಾರನಾದ ಕೊವಾಚ್. ಜರ್ಮನಿಯಲ್ಲಿ ಗಿರಣಿಯವನಾದ ಮ್ಯುಲರ್ ಮೊದಲು, ಶ್ಮಿಟ್ ಎರಡು. ರಷ್ಯದ ಕುಜ್ನೆತ್ಸೊವ್, ಉಕ್ರೇನಿನ ಕೊವಾಲೆಂಕೊ, ಫ್ರಾನ್ಸಿನ ಲೆಫೆವ್ರ್ ಮತ್ತು ಫಾಬ್ರ್, ಸ್ಪೇನಿನ ಎರ್ರೆರೊ, ಎಸ್ಟೋನಿಯಾದ ಸೆಪ್, ಅರಬ್ಬರ ಹದ್ದಾದ್, ತುರ್ಕಿಯ ದೆಮಿರ್ಜಿ, ಎಲ್ಲರೂ ಕಮ್ಮಾರರೇ. ಕೆಂಪು ಕಾರಿನ ಫೆರಾರಿ ಕೂಡ. ನಮ್ಮ ದೇಶದ ಉತ್ತರದಲ್ಲಿ ಲೋಹಾರ್, ಕಾಶ್ಮೀರದಲ್ಲಿ ಆಹಂಗರ್.

ಸ್ಮಿತ್ ಇಂಗ್ಲಿಷರ ಹೆಸರಾ, ಸ್ಕಾಟರದಾ, ಐರಿಶರದಾ?

ಪದ ಇಂಗ್ಲಿಷಿನದು, ಹೆಸರು ಮೂರೂ ಕಡೆಯದು. ಸ್ಕಾಟ್ಲೆಂಡಿನಲ್ಲೂ ಅತಿ ಹೆಚ್ಚು ಇರುವ ಅಡ್ಡಹೆಸರು ಸ್ಮಿತ್. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಕಮ್ಮಾರನ ಹೆಸರು 'ಗೌ'. 1396ರಲ್ಲಿ ಪರ್ತ್ ಊರಿನ ಬಯಲಲ್ಲಿ ಎರಡು ಬಣಗಳ ತಲಾ 30 ಜನ ದೊರೆಯ ಎದುರು ಕತ್ತಿ ಹಿಡಿದು ಜಗಳ ತೀರಿಸಿಕೊಳ್ಳಬೇಕಾಗಿತ್ತು. ಒಂದು ಕಡೆ ಒಬ್ಬ ಕಮ್ಮಿ ಬಿದ್ದ. ಆಗ ಊರಿನ ಕಮ್ಮಾರನೊಬ್ಬ ದುಡ್ಡು ಮಾತಾಡಿಕೊಂಡು ಆ ಜಾಗಕ್ಕೆ ನಿಂತನಂತೆ. ಗೌ ಮನೆತನದ ಕೆಲವರು ತಮ್ಮ ಮೂಲ ಅವನೇ ಅಂತ ಹೇಳಿಕೊಳ್ಳುತ್ತಾರೆ. ಕಾಳಗ ನಡೆದದ್ದು ನಿಜ, ವಂಶದ ಮಾತು ಕತೆ.

ಐರ್ಲೆಂಡಿನದು ಬೇರೆ ಥರ. ಅಲ್ಲಿ, ಅದರಲ್ಲೂ ಕ್ಯಾವನ್ ಜಿಲ್ಲೆಯಲ್ಲಿ, ಕಮ್ಮಾರನ ಮಗ ಎಂಬ ಅರ್ಥದ ಮೆಕ್‌ಗವನ್ ಮನೆಗಳು ಬಹಳ. ಇಂಗ್ಲಿಷರ ಆಳ್ವಿಕೆಯಲ್ಲಿ ಎಷ್ಟೋ ಜನ ಅದನ್ನು ಅನುವಾದ ಮಾಡಿ ಸ್ಮಿತ್ ಅಂತ ಬರೆಸಿದರು. 1890ರ ಲೆಕ್ಕದಲ್ಲಿ ಐರ್ಲೆಂಡಿನ ಐದನೆಯ ದೊಡ್ಡ ಹೆಸರು ಸ್ಮಿತ್. ಮರ್ಫಿ, ಕೆಲ್ಲಿಗಳ ದೇಶದಲ್ಲಿ!

ಒಟ್ಟು ಎಷ್ಟು ಜನ ಇದ್ದಾರೆ?

ಬ್ರಿಟನ್ನಿನಲ್ಲಿ ಐದು ಲಕ್ಷಕ್ಕೂ ಜಾಸ್ತಿ. ಮೊದಲ ಸ್ಥಾನವನ್ನು ಬಿಟ್ಟುಕೊಟ್ಟೇ ಇಲ್ಲ. 1853ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಅಂದಾಜು ಹಾಕಿದಾಗ ಸ್ಮಿತ್‌ಗಳು 2,53,600, ಹಿಂದೆಯೇ ಜೋನ್ಸ್‌ಗಳು 2,42,100. ವೇಲ್ಸನ್ನು ಮಾತ್ರ ನೋಡಿದರೆ ಜೋನ್ಸ್ ಮುಂದು. ಅಲ್ಲಿ ಕಸುಬಿನ ಹೆಸರಿಗಿಂತ ಅಪ್ಪನ ಹೆಸರು ಇಟ್ಟುಕೊಳ್ಳುವ ರೂಢಿ. ಜಾನ್ ಅನ್ನುವ ಅಪ್ಪಂದಿರು ಅಷ್ಟು ಜಾಸ್ತಿ ಇದ್ದರು.

ಅಮೆರಿಕದ ಅಂಕಿ ಇನ್ನೂ ದೊಡ್ಡದು. 2000ದ ಜನಗಣತಿಯಲ್ಲಿ 23,76,206 ಸ್ಮಿತ್‌ಗಳು, 2010ರಲ್ಲಿ 24,42,977. ಎರಡೂ ಸಲ ಮೊದಲ ಸ್ಥಾನ. ಆದರೆ ಇನ್ನೊಂದು ರೀತಿಯಲ್ಲಿ ನೋಡಿ: ಲಕ್ಷ ಜನರಲ್ಲಿ 881 ಇದ್ದವರು 828ಕ್ಕೆ ಇಳಿದರು. ತಲೆ ಎಣಿಕೆ ಏರುತ್ತಿದೆ, ಪಾಲು ಇಳಿಯುತ್ತಿದೆ. ಅದೇ ಹತ್ತು ವರ್ಷದಲ್ಲಿ ಸ್ಪ್ಯಾನಿಶ್ ಹೆಸರಾದ ಗಾರ್ಸಿಯಾ ಎಂಟನೆಯ ಸ್ಥಾನದಿಂದ ಆರಕ್ಕೆ ಬಂತು.

ಆಸ್ಟ್ರೇಲಿಯಾದಲ್ಲೂ ಸ್ಮಿತ್‌ನದೇ ಮೊದಲ ಸ್ಥಾನ. ನ್ಯೂಜಿಲೆಂಡಿನಲ್ಲಿ ಈಚೆಗೆ ಹುಟ್ಟುವ ಮಕ್ಕಳ ಪಟ್ಟಿಯಲ್ಲಿ ಸಿಂಗ್ ಮೇಲಕ್ಕೆ ಹೋಗಿ ಸ್ಮಿತ್ ಹಿಂದೆ ಬಿದ್ದಿದೆ.

ಅಮೆರಿಕದಲ್ಲಿ ಇಷ್ಟು ಸ್ಮಿತ್‌ಗಳೆಲ್ಲ ಇಂಗ್ಲೆಂಡಿನಿಂದ ಹೋದವರಾ?

ಕೆಲವರು ಮಾತ್ರ. 2010ರ ಲೆಕ್ಕದಲ್ಲಿ ಅಲ್ಲಿನ ಸ್ಮಿತ್‌ಗಳಲ್ಲಿ ನೂರಕ್ಕೆ 71 ಬಿಳಿಯರು, 23 ಕಪ್ಪು ಜನ. ಕಪ್ಪು ಜನರನ್ನು ಆಫ್ರಿಕಾದಿಂದ ಹಿಡಿದು ತಂದು ಗುಲಾಮರಾಗಿ ಇಟ್ಟಿದ್ದಾಗ ಕಾಗದದಲ್ಲಿ ಅವರಿಗೆ ಅಡ್ಡಹೆಸರನ್ನೇ ಬರೆಯುತ್ತಿರಲಿಲ್ಲ. ಎಷ್ಟೋ ಕಡೆ ಬರೀ ಮೊದಲ ಹೆಸರು, ವಯಸ್ಸು, ಬೆಲೆ. 1865ರಲ್ಲಿ ಗುಲಾಮಗಿರಿ ಕೊನೆಯಾದ ಮೇಲೆ ಹೆಸರು ನೋಂದಾಯಿಸಬೇಕಾಯಿತು. ಕೆಲವರು ಹಳೆಯ ಯಜಮಾನನ ಹೆಸರನ್ನೇ ಇಟ್ಟುಕೊಂಡರು, ಕೆಲವರು ತಮ್ಮೊಳಗೆ ಮೊದಲಿಂದ ಬಳಸುತ್ತಿದ್ದ ಹೆಸರು ಹೇಳಿದರು, ಕೆಲವರು ಸುತ್ತಮುತ್ತ ಕೇಳಿದ್ದನ್ನು ಆರಿಸಿಕೊಂಡರು. ಹಾಗಾಗಿ ಕಪ್ಪು ಸ್ಮಿತ್ ಒಬ್ಬರ ಹಿಂದೆ ಸ್ಮಿತ್ ಎಂಬ ಯಜಮಾನ ಇದ್ದೇ ಇದ್ದ ಅಂತ ತೀರ್ಮಾನ ಮಾಡೋ ಹಾಗಿಲ್ಲ.

ಇನ್ನು ಜರ್ಮನಿಯ ಶ್ಮಿಟ್, ಪೋಲೆಂಡಿನ ಕೊವಾಲ್ಸ್ಕಿಗಳು. ಇವರಲ್ಲೂ ಹಲವರು ಸ್ಮಿತ್ ಆದರು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಹೆಸರು ಹೊತ್ತು ಓಡಾಡೋದು ಕಷ್ಟವಾದಾಗ ಇದು ಇನ್ನೂ ಜಾಸ್ತಿಯಾಯಿತು. ವಲಸೆ ಬಂದವರು ಮೊದಲು ಬಂದಿಳಿಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳೇ ಹೆಸರು ಬದಲಿಸಿಬಿಟ್ಟರು ಅನ್ನುವುದು ಬಹಳ ಜನ ನಂಬುವ ಸುಳ್ಳು. ಅಧಿಕಾರಿಗಳು ಹಡಗಿನವರು ತಂದ ಪಟ್ಟಿ ನೋಡಿ ಗುರುತು ಹಾಕುತ್ತಿದ್ದರು, ಅಷ್ಟೇ. ಬದಲಿಸಿಕೊಂಡದ್ದು ವಲಸೆ ಬಂದವರೇ, ಆಮೇಲೆ, ಕೆಲಸ ಸಿಗಲಿ ಅಂತಲೋ ಮಕ್ಕಳನ್ನು ಶಾಲೆಯಲ್ಲಿ ಆಡಿಕೊಳ್ಳದಿರಲಿ ಅಂತಲೋ.

ಹೆಸರಾಂತ ಸ್ಮಿತ್‌ಗಳು ಯಾರು?

ಪಟ್ಟಿಗೆ ಕೊನೆಯಿಲ್ಲ. 1723ರಲ್ಲಿ ಸ್ಕಾಟ್ಲೆಂಡಿನ ಕರ್ಕಾಲ್ಡಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್. 1607ರಲ್ಲಿ ಅಮೆರಿಕದ ಜೇಮ್ಸ್‌ಟೌನ್ ಕಟ್ಟಿದವರ ಜೊತೆಗಿದ್ದ ಕ್ಯಾಪ್ಟನ್ ಜಾನ್ ಸ್ಮಿತ್. ಮಾರ್ಮನ್ ಪಂಥ ಹುಟ್ಟುಹಾಕಿದ ಜೋಸೆಫ್ ಸ್ಮಿತ್. ಬ್ಲೂಸ್ ಹಾಡುಗಾರ್ತಿ ಬೆಸ್ಸಿ ಸ್ಮಿತ್. 2024ರಲ್ಲಿ ತೀರಿಕೊಂಡ ನಟಿ ಮ್ಯಾಗಿ ಸ್ಮಿತ್. ನಮ್ಮ ಕ್ರಿಕೆಟ್ ಹುಚ್ಚರಿಗೆ ದಕ್ಷಿಣ ಆಫ್ರಿಕಾದ ಗ್ರೇಮ್ ಸ್ಮಿತ್, ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್. ನನ್ನ ಮೆಚ್ಚಿನವರು ಟಾಮಿ ಸ್ಮಿತ್: 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ 200 ಮೀಟರ್ ಗೆದ್ದು, ಪದಕದ ಕಟ್ಟೆಯ ಮೇಲೆ ಕಪ್ಪು ಕೈಗವಸಿನ ಮುಷ್ಟಿ ಎತ್ತಿ ನಿಂತವರು.

ನೊಬೆಲ್ ಪಟ್ಟಿಯಲ್ಲಿ ಒಂದು ತಮಾಷೆ ಇದೆ. 2009ರಲ್ಲಿ ಭೌತಶಾಸ್ತ್ರಕ್ಕೆ ಜಾರ್ಜ್ ಸ್ಮಿತ್, 2018ರಲ್ಲಿ ರಸಾಯನಶಾಸ್ತ್ರಕ್ಕೂ ಜಾರ್ಜ್ ಸ್ಮಿತ್. ಇಬ್ಬರೂ ಬೇರೆ. ನಡುವಿನ ಒಂದು ಇನಿಷಿಯಲ್ ನೋಡಿಯೇ ಗುರುತು ಹಿಡಿಯಬೇಕು: ಮೊದಲನೆಯವರು ಇ, ಎರಡನೆಯವರು ಪಿ.

ಕರ್ನಾಟಕಕ್ಕೂ ಯಾವುದಾದರೂ ಸ್ಮಿತ್‌ಗೂ ಸಂಬಂಧ ಇದೆಯಾ?

ಇದೆ. ಮೊದಲನೆಯ ಆಂಗ್ಲೋ–ಮೈಸೂರು ಯುದ್ಧದಲ್ಲಿ ಹೈದರಾಲಿಯ ಎದುರು ಮದ್ರಾಸಿನ ಕಂಪನಿ ಸೈನ್ಯ ನಡೆಸಿದವನು ಕರ್ನಲ್ ಜೋಸೆಫ್ ಸ್ಮಿತ್. ಮಾರ್ಮನ್ ಪಂಥದ ಜೋಸೆಫ್ ಬೇರೆ, ಇವನು ಬೇರೆ. 1767ರ ಸೆಪ್ಟೆಂಬರಿನಲ್ಲಿ ಚೆಂಗಂ, ತಿರುವಣ್ಣಾಮಲೈ ಕಡೆ ಸ್ಮಿತ್‌ನ ಕೈ ಮೇಲಾಯಿತು. ಮುಂದಿನ ವರ್ಷ ಕೋಲಾರ, ಹೊಸಕೋಟೆಗಳವರೆಗೂ ಕಂಪನಿಯವರು ಬಂದರು. ಆದರೆ ಹೈದರನ ಕುದುರೆ ದಂಡಿನ ಓಟಕ್ಕೆ ಸ್ಮಿತ್‌ನ ಕಾಲಾಳು ಸಾಟಿಯಾಗಲಿಲ್ಲ. 1769ರ ಮಾರ್ಚಿನಲ್ಲಿ ಹೈದರ್ ಸ್ಮಿತ್‌ನನ್ನು ಹಿಂದೆ ಬಿಟ್ಟು ನೇರ ಮದ್ರಾಸಿನ ಬಾಗಿಲಿಗೇ ಹೋಗಿ ನಿಂತ. ಗಾಬರಿಯಾದ ಕಂಪನಿ ಸರ್ಕಾರ ಏಪ್ರಿಲಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು, ಗೆದ್ದ ಜಾಗಗಳನ್ನು ಒಬ್ಬರಿಗೊಬ್ಬರು ಹಿಂದಿರುಗಿಸಿದರು.

ಇನ್ನು ಬೆಂಗಳೂರು ದಂಡು ಪ್ರದೇಶ, ಕೋಲಾರದ ಚಿನ್ನದ ಗಣಿ, 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಆಂಗ್ಲೋ–ಇಂಡಿಯನ್ನರು ಕಟ್ಟಿಕೊಂಡ ವೈಟ್‌ಫೀಲ್ಡ್, ಈ ಮೂರೂ ಕಡೆ ಇಂಗ್ಲಿಷ್ ಅಡ್ಡಹೆಸರುಗಳು ಮನೆಮಾತಾಗಿದ್ದವು.

'ಜಾನ್ ಸ್ಮಿತ್' ಅಂದರೆ ಸುಮ್ನೆ ಯಾರೋ ಒಬ್ಬ ಅಂತ ಯಾಕೆ ಬಳಸುತ್ತಾರೆ?

ಅತಿ ಸಾಮಾನ್ಯ ಮೊದಲ ಹೆಸರಿನ ಜೊತೆ ಅತಿ ಸಾಮಾನ್ಯ ಅಡ್ಡಹೆಸರು. ಪೋಲೆಂಡಿನವರು ಇದೇ ಜಾಗಕ್ಕೆ ಯಾನ್ ಕೊವಾಲ್ಸ್ಕಿ ಅನ್ನುತ್ತಾರೆ. ಗುಟ್ಟಾಗಿ ಹೋಟೆಲಿಗೆ ಹೋಗುವ ಜೋಡಿ ರಿಜಿಸ್ಟರಿನಲ್ಲಿ 'ಮಿಸ್ಟರ್ ಅಂಡ್ ಮಿಸೆಸ್ ಸ್ಮಿತ್' ಅಂತ ಬರೆಯುವುದು ಇಂಗ್ಲಿಷರ ಹಳೆಯ ಜೋಕು. ನಿಜವಾದ ಸ್ಮಿತ್ ದಂಪತಿಗಳ ಪಾಡು ಯೋಚಿಸಿ.

ಮದುವೆಯಾದ ಹೆಂಗಸರು ಸ್ಮಿತ್ ಆಗಲೇಬೇಕಾ? ಎರಡೆರಡು ಹೆಸರು ಯಾಕೆ?

ಕಾನೂನು ಏನೂ ಕಡ್ಡಾಯ ಮಾಡಿಲ್ಲ, ಗಂಡನ ಹೆಸರು ಹಿಡಿಯುವುದು ಬರೀ ರೂಢಿ. ಎರಡು ಹೆಸರು ಜೋಡಿಸುವುದು ಸ್ಮಿತ್‌ಗಳಲ್ಲಿ ಹೆಚ್ಚಾಗಿ ಕಾಣುತ್ತದೆ, ಫುಟ್‌ಬಾಲ್ ಆಟಗಾರ ಎಮಿಲ್ ಸ್ಮಿತ್ ರೋ ಇದ್ದಾರಲ್ಲ ಹಾಗೆ. ಬರೀ ಸ್ಮಿತ್ ಅಂದರೆ ಗುಂಪಲ್ಲಿ ಕಳೆದುಹೋಗುವ ಭಯ ಇದ್ದೇ ಇರುತ್ತದೆ.

ನಮ್ಮ ಅಜ್ಜಿಯ ಕಡೆ ಒಬ್ಬ ಸ್ಮಿತ್ ಇದ್ದರಂತೆ. ಅವರನ್ನು ಹುಡುಕೋದು ಹೇಗೆ?

ಆಂಗ್ಲೋ–ಇಂಡಿಯನ್ ಮನೆಗಳವರು, ಅವರ ಜೊತೆ ಸಂಬಂಧ ಬೆಳೆಸಿದವರು ಕೇಳುವ ಪ್ರಶ್ನೆ ಇದು. ಸ್ಮಿತ್ ಅನ್ನುವುದೊಂದೇ ಹಿಡಿದು ಹೊರಟರೆ ದಾರಿ ಸಿಗಲ್ಲ. ಅದರ ಜೊತೆಗಿನ ವಿವರ ಮೊದಲು ಕೂಡಿಸಿ: ಮಧ್ಯದ ಹೆಸರು, ಹೆಂಡತಿಯ ತವರಿನ ಹೆಸರು, ರೆಜಿಮೆಂಟು ಅಥವಾ ರೈಲ್ವೆ ಅಥವಾ ಗಣಿ, ಮದುವೆಯಾದ ಚರ್ಚು. ಹೆಂಡತಿಯ ಅಡ್ಡಹೆಸರು ಅಪರೂಪದ್ದಾಗಿದ್ದರೆ ಅವರ ಕಡೆಯಿಂದಲೇ ಶುರು ಮಾಡಿ, ಸ್ಮಿತ್ ತಾನಾಗಿ ಸಿಗುತ್ತಾರೆ. ಮಕ್ಕಳಿಗೆ ಮಧ್ಯದ ಹೆಸರಾಗಿ ಅಜ್ಜಿಯ ತವರಿನ ಹೆಸರು ಇಡುವ ರೂಢಿ ಆ ಮನೆಗಳಲ್ಲಿ ಇತ್ತು. ಅದನ್ನೂ ಬಿಡಬೇಡಿ.

ಭಾರತದಲ್ಲಿ ನಡೆದ ಕ್ರೈಸ್ತರ ನಾಮಕರಣ, ಮದುವೆ, ಸಮಾಧಿಗಳ ಪಟ್ಟಿಯ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳ ಜೊತೆ ಇವೆ. ಬಂಗಾಳ, ಮದ್ರಾಸ್, ಬೊಂಬಾಯಿ ಅಂತ ಮೂರು ಭಾಗ. ಬೆಂಗಳೂರು, ಮೈಸೂರಿನವರನ್ನು ಮದ್ರಾಸ್ ಭಾಗದಲ್ಲಿ ನೋಡಿ. ಸಮುದ್ರ ದಾಟಿ ಇನ್ನೂ ಹಿಂದೆ ಹೋಗಬೇಕಾದರೆ ಇಂಗ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ, ಮನೆಮಂದಿಯ ಹೆಸರು ಬರೆದಿಟ್ಟ ಜನಗಣತಿ ಸಿಗುವುದು 1841ರಿಂದ. 1931ರದ್ದು ಬೆಂಕಿಗೆ ಸುಟ್ಟುಹೋಗಿದೆ, ಅದನ್ನು ಹುಡುಕಬೇಡಿ. 1841ಕ್ಕಿಂತ ಹಿಂದಕ್ಕೆ 1538ರಿಂದ ಇಟ್ಟ ಚರ್ಚಿನ ಪುಸ್ತಕಗಳಿವೆ. ಅಲ್ಲಿ ಊರಿನ ಹೆಸರು ಕೈಲಿದ್ದರೆ ಮಾತ್ರ ಹೋಗಿ. ಇಲ್ಲದಿದ್ದರೆ ಪ್ರತಿ ಪುಟದಲ್ಲೂ ಒಬ್ಬ ಜಾನ್ ಸ್ಮಿತ್ ಸಿಗುತ್ತಾರೆ, ಯಾರು ನಿಮ್ಮವರು ಅಂತ ಹೇಳುವವರು ಯಾರೂ ಇರುವುದಿಲ್ಲ.